ನಾಲ್ಕು ಸೆಂಟಿನ ಚೀಟಿ



ಆಸ್ಟ್ರೇಲಿಯಾಕ್ಕೆ ಓದಲು ಹೋದ ಮಕ್ಕಳು, ಅಲ್ಲೇ ಸಂಸಾರ ಹೂಡಿದ ಅಕ್ಕತಂಗಿಯರು ಈಗ ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ರಜೆಗೆಂದು ಊರಿಗೆ ಬಂದಾಗ ಅವರು ಹೇಳುವ ಸಂಗತಿಗಳಲ್ಲಿ ಇದೂ ಒಂದು: ಅಲ್ಲಿ ಅಕ್ಕಿ, ಹಾಲು, ತರಕಾರಿ ಕೊಂಡರೆ ಪೆಟ್ರೋಲ್ ಅಗ್ಗವಾಗುತ್ತದೆ. ಮಾತು ನಿಜ. ವೂಲ್‌ವರ್ತ್ಸ್ ಅಥವಾ ಕೋಲ್ಸ್ ಎಂಬ ಸೂಪರ್‌ಮಾರ್ಕೆಟಿನಲ್ಲಿ ಒಂದೇ ಸಲಕ್ಕೆ 30 ಡಾಲರಿನ ಸಾಮಾನು ಕೊಂಡರೆ ರಸೀತಿಯ ಕೆಳಗೆ ಒಂದು ಬಾರ್‌ಕೋಡ್ ಅಚ್ಚಾಗಿ ಬರುತ್ತಿತ್ತು. ಆ ಚೀಟಿಯನ್ನು ಅದೇ ಕಂಪನಿಯ ಪೆಟ್ರೋಲ್ ಬಂಕಿನಲ್ಲಿ ತೋರಿಸಿದರೆ ಲೀಟರಿಗೆ ನಾಲ್ಕು ಸೆಂಟ್ ರಿಯಾಯಿತಿ. ಈಗ ಚೀಟಿಯ ಕೆಲಸವನ್ನು ಬಹುಮಟ್ಟಿಗೆ ಕಾರ್ಡು ಮತ್ತು ಮೊಬೈಲ್ ಮಾಡುತ್ತಿವೆ. ನಾಲ್ಕು ಸೆಂಟ್ ಮಾತ್ರ ಹಾಗೆಯೇ ಉಳಿದಿದೆ.

ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವನು ನಾನು. ಒಂದು ರಿಯಾಯಿತಿಯ ಹಣ ಯಾರ ಜೇಬಿನಿಂದ ಬರುತ್ತದೆ ಎಂದು ವಿದ್ಯಾರ್ಥಿಗಳಿಗೆ ವಿವರಿಸಬೇಕಾದಾಗ ನಾನು ಎತ್ತಿಕೊಳ್ಳುತ್ತಿದ್ದ ಉದಾಹರಣೆ ಈ ಚೀಟಿಯೇ. ಅದರ ಹಿಂದೆ ಎರಡು ದೊಡ್ಡ ದಿನಸಿ ಕಂಪನಿಗಳ ಪೈಪೋಟಿ ಇದೆ, ಸಣ್ಣ ಬಂಕಿನವರ ಬದುಕಿದೆ, ರಾತ್ರಿ ಪಾಳಿಯಲ್ಲಿ ಗಲ್ಲಾದ ಮುಂದೆ ನಿಂತ ನಮ್ಮಂಥವರ ಮಕ್ಕಳ ಸಂಬಳವೂ ಇದೆ.

ಮೊದಲು ಇದು ಹೇಗೆ ಶುರುವಾಯಿತು ನೋಡೋಣ. ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ ಡಬ್ಬೊ ಎಂಬ ಊರಿದೆ. ವೂಲ್‌ವರ್ತ್ಸ್ ತನ್ನ ಮೊದಲ ಪೆಟ್ರೋಲ್ ಬಂಕನ್ನು 1996ರಲ್ಲಿ ಅಲ್ಲಿ ತೆರೆಯಿತು. ಏಳು ವರ್ಷ ಎದುರಾಳಿ ಕೋಲ್ಸ್ ಸುಮ್ಮನಿತ್ತು. ಗಿರಾಕಿಗಳು ಪೆಟ್ರೋಲಿನ ಆಸೆಗೆ ದಿನಸಿಯನ್ನೂ ವೂಲ್‌ವರ್ತ್ಸ್‌ನಲ್ಲೇ ಕೊಳ್ಳತೊಡಗಿದ್ದು ಕಣ್ಣಿಗೆ ಬಿದ್ದ ಮೇಲೆ, 2003ರಲ್ಲಿ ಕೋಲ್ಸ್ ಶೆಲ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಶೆಲ್‌ನ ಐನೂರಕ್ಕೂ ಹೆಚ್ಚು ಬಂಕುಗಳ ನಿರ್ವಹಣೆ ಕೋಲ್ಸ್ ಕೈಗೆ ಬಂತು. ಬೆನ್ನಿಗೇ ವೂಲ್‌ವರ್ತ್ಸ್ ಕ್ಯಾಲ್ಟೆಕ್ಸ್ ಎಂಬ ತೈಲ ಕಂಪನಿಯ ಜತೆ ಸೇರಿತು. ಕೆಲವೇ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನ ನೂರರಲ್ಲಿ ನಲವತ್ತಕ್ಕೂ ಮಿಕ್ಕಿದ ಪಾಲು ಈ ಎರಡು ಸೂಪರ್‌ಮಾರ್ಕೆಟುಗಳ ಬಂಕಿನಿಂದ ಹರಿಯುತ್ತಿತ್ತು. ದಿನಸಿ ವ್ಯಾಪಾರದಲ್ಲಂತೂ ಅವರದೇ ರಾಜ್ಯ. 2025ರಲ್ಲಿ ಪ್ರಕಟವಾದ ಸರ್ಕಾರಿ ವಿಚಾರಣೆಯ ವರದಿಯಂತೆ ಸೂಪರ್‌ಮಾರ್ಕೆಟ್ ದಿನಸಿ ಮಾರಾಟದಲ್ಲಿ ವೂಲ್‌ವರ್ತ್ಸ್‌ನ ಪಾಲು ಶೇ 38, ಕೋಲ್ಸ್‌ನದು ಶೇ 29.

ಈಗ ಚೀಟಿಯ ಲೆಕ್ಕಕ್ಕೆ ಬರೋಣ. ಸಾಧಾರಣ ಕಾರಿನ ಟ್ಯಾಂಕಿಗೆ 50 ಲೀಟರ್ ಹಿಡಿಯುತ್ತದೆ ಎಂದುಕೊಳ್ಳಿ. ಲೀಟರಿಗೆ ನಾಲ್ಕು ಸೆಂಟಿನಂತೆ ಉಳಿಯುವುದು ಎರಡು ಡಾಲರ್. ಇದಕ್ಕಾಗಿ ಅಂಗಡಿಯಲ್ಲಿ ಸುರಿದದ್ದು 30 ಡಾಲರ್. ಅಂದರೆ ದಿನಸಿಯ ಮೇಲೆ ನೂರಕ್ಕೆ 6.7ರಷ್ಟು ಸೋಡಿ ಸಿಕ್ಕ ಹಾಗೆ. 2009ರಲ್ಲಿ ಎರಡೂ ಕಂಪನಿಗಳು ಜಿದ್ದಿಗೆ ಬಿದ್ದು, 300 ಡಾಲರಿನ ಸಾಮಾನು ಕೊಂಡವರಿಗೆ ಲೀಟರಿಗೆ 40 ಸೆಂಟ್ ಬಿಡುತ್ತೇವೆಂದು ಜಾಹೀರಾತು ಹಾಕಿದವು. ದೇಶವೆಲ್ಲ ಅದೇ ಸುದ್ದಿ. ಲೆಕ್ಕ ಹಾಕಿ ನೋಡಿ: 50 ಲೀಟರಿಗೆ 20 ಡಾಲರ್ ಉಳಿತಾಯ, ಖರ್ಚು 300 ಡಾಲರ್. ಮತ್ತೆ ಅದೇ 6.7! ದಿನಸಿ ಕೊಂಡವನಿಗೆ ಸಿಕ್ಕ ಸೋಡಿಯ ಪ್ರಮಾಣ ಒಂದಿಷ್ಟೂ ಹೆಚ್ಚಿರಲಿಲ್ಲ. ಆದರೆ ಎದುರು ರಸ್ತೆಯ ಬಂಕಿನವನ ಪಾಲಿಗೆ ನಾಲ್ಕು ಸೆಂಟ್ ಮತ್ತು ನಲವತ್ತು ಸೆಂಟಿನ ನಡುವೆ ಭೂಮಿ ಆಕಾಶದ ಅಂತರ. ಸೂಪರ್‌ಮಾರ್ಕೆಟು ಈ ರಿಯಾಯಿತಿಯನ್ನು 300 ಡಾಲರಿನ ವ್ಯಾಪಾರದ ಮೇಲೆ ಹರಡಿಕೊಳ್ಳಬಲ್ಲದು. ಬಂಕಿನವನಿಗೆ ಹರಡಲು ಇರುವುದು ಪೆಟ್ರೋಲೊಂದೇ.

ಬಂಕಿನ ಖಾತೆಪುಸ್ತಕದೊಳಗೆ ಇಣುಕಿದರೆ ಈ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆಸ್ಟ್ರೇಲಿಯಾದ ಪೆಟ್ರೋಲ್ ದರಕ್ಕೆ ಅಡಿಪಾಯ ಸಿಂಗಾಪುರದ ಮಾರುಕಟ್ಟೆಯ ದರ. ಅದಕ್ಕೆ ಹಡಗಿನ ಬಾಡಿಗೆ ಸೇರುತ್ತದೆ, ಡಾಲರಿನ ಏರಿಳಿತ ಸೇರುತ್ತದೆ. ಅದರ ಮೇಲೆ ಒಕ್ಕೂಟ ಸರ್ಕಾರದ ಅಬಕಾರಿ ಸುಂಕ. 2001ರಿಂದ 2014ರವರೆಗೆ ಇದು ಲೀಟರಿಗೆ 38.143 ಸೆಂಟ್ ಎಂದು ಕದಲದೆ ನಿಂತಿತ್ತು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಏರುತ್ತ ಬಂದಿದೆ. ಇವೆಲ್ಲದರ ಮೇಲೆ ನೂರಕ್ಕೆ ಹತ್ತರ ಜಿಎಸ್‌ಟಿ. ಬಂದರಿನ ಪಕ್ಕದ ತೈಲ ಡಿಪೊದಲ್ಲಿ ಟ್ಯಾಂಕರಿಗೆ ತುಂಬಿಸಿಕೊಳ್ಳುವ ಹೊತ್ತಿಗೇ ದರದ ದೊಡ್ಡ ಭಾಗ ನಿಗದಿಯಾಗಿ ಹೋಗಿರುತ್ತದೆ. ಅದರಲ್ಲಿ ಒಂದು ಸೆಂಟನ್ನೂ ಅಲುಗಾಡಿಸಲು ಬಂಕಿನವನಿಂದಾಗದು. ಡಿಪೊದ ದರಕ್ಕೂ ಬಂಕಿನ ಫಲಕದ ದರಕ್ಕೂ ನಡುವೆ ಉಳಿಯುವ ಕೆಲವು ಸೆಂಟುಗಳೇ ಅವನ ಹೊಲ, ಅವನ ಬೆಳೆ.

ಆ ಕೆಲವು ಸೆಂಟುಗಳಿಂದ ಏನೆಲ್ಲ ನಡೆಯಬೇಕು ಕೇಳಿ. ನಿವೇಶನದ ಬಾಡಿಗೆ, ಹಗಲೂ ರಾತ್ರಿ ಉರಿಯುವ ದೀಪಗಳ ಕರೆಂಟು ಬಿಲ್ಲು, ಕೆಲಸದವರ ಸಂಬಳ, ಟ್ಯಾಂಕರಿನ ಬಾಡಿಗೆ, ನೆಲದಡಿಯ ಟ್ಯಾಂಕು ಸೋರದಂತೆ ತಪಾಸಣೆ, ಸೋರಿದರೆ ಮಣ್ಣು ಶುದ್ಧಮಾಡಿಸುವ ಭಾರೀ ಖರ್ಚು, ವಿಮೆ. ಗಿರಾಕಿ ಕಾರ್ಡಿನಲ್ಲಿ ಹಣ ಕೊಟ್ಟರೆ ಬ್ಯಾಂಕಿನ ಶುಲ್ಕ. ಈ ಶುಲ್ಕ ಬೀಳುವುದು ಪೂರ್ತಿ ಬೆಲೆಯ ಮೇಲೆ, ಅಂದರೆ ಸುಂಕವೂ ಸೇರಿದ ಮೊತ್ತದ ಮೇಲೆ. ಉದಾಹರಣೆಗೆ ಲೀಟರು 180 ಸೆಂಟ್ ಇದ್ದು, ಶುಲ್ಕ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಸುಮಾರು ಎರಡು ಸೆಂಟ್ ಅಲ್ಲೇ ಹೋಯಿತು. ತುಂಬಿಸಿಕೊಂಡು ಹಣ ಕೊಡದೆ ಕಾರು ಓಡಿಸಿಕೊಂಡು ಹೋಗುವವರು ಬೇರೆ. ಅಲ್ಲಿ ಗಿರಾಕಿಯೇ ಪಂಪಿನ ನಳಿಗೆ ಹಿಡಿದು ತುಂಬಿಸಿಕೊಂಡು ಆಮೇಲೆ ಒಳಗೆ ಬಂದು ಹಣ ಕೊಡುವುದು ರೂಢಿ. ಹೀಗೆ ಒಬ್ಬ 50 ಲೀಟರ್ ಕದ್ದು ಹೋದರೆ 90 ಡಾಲರ್ ನಷ್ಟ. ಲೀಟರಿಗೆ ನಿವ್ವಳ ಎರಡು ಸೆಂಟ್ ಉಳಿಯುವ ಬಂಕು ಆ ನಷ್ಟವನ್ನು ತುಂಬಿಕೊಳ್ಳಬೇಕಾದರೆ 4,500 ಲೀಟರ್ ಮಾರಬೇಕು.

ಆದ್ದರಿಂದಲೇ ಬಂಕಿನ ನಿಜವಾದ ಲಾಭ ಪಂಪಿನಲ್ಲಿಲ್ಲ, ಪಂಪಿನ ಹಿಂದಿರುವ ಅಂಗಡಿಯಲ್ಲಿದೆ. ಕಾಫಿ, ತಂಪು ಪಾನೀಯ, ಚಾಕೊಲೇಟು, ಬಿಸಿ ತಿಂಡಿಗಳಿಂದ ಬರುವ ಲಾಭದ ಪ್ರಮಾಣ ಪೆಟ್ರೋಲಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪೆಟ್ರೋಲ್ ಗಿರಾಕಿಯನ್ನು ಬಾಗಿಲೊಳಗೆ ಕರೆತರುತ್ತದೆ, ಅಂಗಡಿ ಸಂಸಾರ ಸಾಕುತ್ತದೆ. ಸೂಪರ್‌ಮಾರ್ಕೆಟಿನವರು ಮಾಡಿದ್ದೂ ಇದನ್ನೇ, ಅಳತೆ ಮಾತ್ರ ಸಾವಿರ ಪಟ್ಟು ದೊಡ್ಡದು. ಅವರ ಪಾಲಿಗೆ ಅಂಗಡಿಯೆಂದರೆ ಬಂಕಿನ ಹಿಂದಿನ ಕೋಣೆಯಲ್ಲ, ವಾರಕ್ಕೊಮ್ಮೆ ಇಡೀ ಕುಟುಂಬ ಗಾಡಿ ತಳ್ಳಿಕೊಂಡು ಬರುವ ಮಹಾಮಳಿಗೆ. ಆ ವಾರದ ಸಾಮಾನನ್ನು ಯಾರಲ್ಲಿ ಕೊಳ್ಳಬೇಕು ಎಂಬ ತೀರ್ಮಾನವನ್ನು ತಮ್ಮ ಕಡೆ ವಾಲಿಸಿಕೊಳ್ಳಲು ಪೆಟ್ರೋಲಿನಲ್ಲಿ ನಾಲ್ಕು ಸೆಂಟ್ ಕಳೆದುಕೊಂಡರೂ ಅವರಿಗೆ ಲಾಭವೇ.

ಸಣ್ಣ ಬಂಕಿನವನು ಚೆನ್ನಾಗಿ ದುಡಿಯದೆ ಸೋತಿದ್ದರೆ ಅದು ವ್ಯಾಪಾರದ ನಿಯಮ ಎನ್ನಬಹುದಿತ್ತು. ಆದರೆ ಒಳ್ಳೆಯ ಪೆಟ್ರೋಲನ್ನು ಕಡಿಮೆ ಖರ್ಚಿನಲ್ಲಿ ಮಾರಬಲ್ಲವನೂ, ಪೆಟ್ರೋಲಿಗೆ ಸಂಬಂಧವೇ ಇಲ್ಲದ ಹಾಲು ಬ್ರೆಡ್ಡುಗಳ ಹಣ ಎದುರಿಗೆ ಬಂದು ನಿಂತಾಗ ಸೋಲುತ್ತಾನೆ. ಆ ಸೋಲನ್ನು ನ್ಯಾಯವೆಂದು ನಾನು ಒಪ್ಪಲಾರೆ.

ಕಾರಿಲ್ಲದವರ ಮಾತನ್ನೂ ಇಲ್ಲಿ ಹೇಳಬೇಕು. ಟ್ರಾಮಿನಲ್ಲಿ ಬಂದು ಕೈಚೀಲದಲ್ಲಿ ಸಾಮಾನು ಒಯ್ಯುವ ಮುದುಕಿಗೂ ರಸೀತಿಯ ಜತೆ ಚೀಟಿ ಸಿಗುತ್ತಿತ್ತು. ಆಕೆಗೆ ಅದರಿಂದ ಪ್ರಯೋಜನವಿಲ್ಲ. ಪೆಟ್ರೋಲಿನಲ್ಲಿ ಬಿಟ್ಟ ಹಣ ದಿನಸಿಯ ಲಾಭದಿಂದ ಬರುವುದಾದರೆ, ಆ ಲಾಭದಲ್ಲಿ ಆಕೆ ಕೊಟ್ಟ ಪಾಲೂ ಇದೆ. ದೊಡ್ಡ ಕಾರಿನವನ ದೊಡ್ಡ ಟ್ಯಾಂಕಿಗೆ ಆಕೆಯ ಬ್ರೆಡ್ಡಿನ ಕಾಸು ಹೋಗುತ್ತದೆ.

ಅಲ್ಲಿನ ಸ್ಪರ್ಧೆ ಮತ್ತು ಗ್ರಾಹಕ ಆಯೋಗ, ಅಂದರೆ ಎಲ್ಲರ ಬಾಯಲ್ಲೂ ಎಸಿಸಿಸಿ, ಈ ಚೀಟಿಗಳನ್ನು 2004ರಲ್ಲೇ ಪರಿಶೀಲಿಸಿತ್ತು. ಗ್ರಾಹಕನಿಗೆ ಅಗ್ಗವಾಗುತ್ತಿರುವಾಗ ಅಡ್ಡ ಬರಬೇಕಾದ್ದಿಲ್ಲ ಎಂಬುದು ಆಗಿನ ನಿಲುವು. ನಾಲ್ಕು ಸೆಂಟಿನ ಮಟ್ಟಿಗೆ ಆ ನಿಲುವು ಅರ್ಥವಾಗುವಂಥದ್ದೇ. 2012, 2013ರ ಹೊತ್ತಿಗೆ ಚಿತ್ರ ಬದಲಾಗಿತ್ತು. ನಾಲ್ಕು ಸೆಂಟ್ ಎಂಟಾಯಿತು, ಹಬ್ಬ ಹರಿದಿನಗಳಲ್ಲಿ ಅದಕ್ಕೂ ಎಷ್ಟೋ ಮೇಲೆ ಹೋಯಿತು. ಆಯೋಗದ ಅಧ್ಯಕ್ಷರಾಗಿದ್ದ ರಾಡ್ ಸಿಮ್ಸ್ ಅವರು ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಬೇರೆ ಬಂಕುಗಳು ಮುಚ್ಚಿಹೋದ ಮೇಲೆ ಗ್ರಾಹಕನ ಪಾಡೇನು ಎಂಬುದು ಅವರ ಕಳವಳ. 2013ರ ಡಿಸೆಂಬರಿನಲ್ಲಿ ಎರಡೂ ಕಂಪನಿಗಳು ಲಿಖಿತ ಭರವಸೆ ಕೊಟ್ಟವು: 2014ರ ಜನವರಿ 1ರಿಂದ ಸೂಪರ್‌ಮಾರ್ಕೆಟಿನ ಖರೀದಿಗೆ ಕಟ್ಟಿಹಾಕಿದ ರಿಯಾಯಿತಿ ನಾಲ್ಕು ಸೆಂಟಿಗೆ ಮೀರುವುದಿಲ್ಲ, ಪೆಟ್ರೋಲಿನ ರಿಯಾಯಿತಿಗೆ ಹಣವನ್ನು ಪೆಟ್ರೋಲ್ ವ್ಯಾಪಾರದಿಂದಲೇ ಹೊಂದಿಸುತ್ತೇವೆ. ಕೆಲವೇ ವಾರಗಳಲ್ಲಿ ಮತ್ತೆ ತಕರಾರು. ಆಯೋಗ ಇಬ್ಬರನ್ನೂ ಫೆಡರಲ್ ನ್ಯಾಯಾಲಯಕ್ಕೆ ಎಳೆಯಿತು. ಕೆಲವು ಕೊಡುಗೆಗಳು ಭರವಸೆಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು, ಕೆಲವನ್ನು ಒಪ್ಪಿಕೊಂಡಿತು.

ಈ ಭರವಸೆಯ ಎರಡನೆಯ ಭಾಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನಾಲ್ಕು ಸೆಂಟಿನ ಮಿತಿಯನ್ನು ಯಾರು ಬೇಕಾದರೂ ನೆನಪಿಡುತ್ತಾರೆ. ಆದರೆ ಮೂಲ ಪ್ರಶ್ನೆ ಇರುವುದು ರಿಯಾಯಿತಿ ಎಷ್ಟು ಎಂಬುದರಲ್ಲಿ ಅಲ್ಲ, ಅದರ ಹಣ ಎಲ್ಲಿಂದ ಬಂತು ಎಂಬುದರಲ್ಲಿ. ಬಂಕು ನಡೆಸುವವನು ತನ್ನ ಖರ್ಚು ಕಡಿಮೆ ಮಾಡಿಕೊಂಡು ಹತ್ತು ಸೆಂಟ್ ಬಿಟ್ಟರೂ ಸರಿಯೇ, ಅದು ಅವನ ಜಾಣತನ. ಇನ್ನೊಂದು ವ್ಯಾಪಾರದ ಹಣ ತಂದು ಸುರಿದು ಒಂದೇ ಸೆಂಟ್ ಬಿಟ್ಟರೂ ಅದನ್ನು ಪ್ರಶ್ನಿಸಬೇಕು.

ಸಣ್ಣವರೆಲ್ಲ ಅಳಿದೇ ಹೋದರು ಎಂದರೆ ಸುಳ್ಳಾಗುತ್ತದೆ. 1970ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಇಪ್ಪತ್ತು ಸಾವಿರದಷ್ಟಿದ್ದ ಬಂಕುಗಳು ಈ ಶತಮಾನದ ಮೊದಲ ದಶಕದ ಕೊನೆಗೆ ಆರೇಳು ಸಾವಿರಕ್ಕೆ ಇಳಿದಿದ್ದವು. ಆದರೆ ಆ ಇಳಿತದ ದೊಡ್ಡ ಪಾಲು ಚೀಟಿ ಹುಟ್ಟುವ ಮೊದಲೇ ಆಗಿಹೋಗಿತ್ತು. ಹಿಂದಿನ ಬಂಕೆಂದರೆ ಗ್ಯಾರೇಜಿನ ಮುಂದೆ ನಿಂತ ಎರಡು ಪಂಪು. ಕಾರುಗಳು ಸುಧಾರಿಸಿ ಪದೇ ಪದೇ ರಿಪೇರಿಗೆ ಬರುವುದು ನಿಂತಾಗ ಅಂಥವು ತಾವಾಗಿಯೇ ಮುಚ್ಚಿದವು. ಚೀಟಿಯ ಕಾಲದಲ್ಲಿ ಒಬ್ಬಂಟಿ ಬಂಕುಗಳು ಇನ್ನಷ್ಟು ಸೊರಗಿದವು, ಆದರೆ ಯುನೈಟೆಡ್, ಲಿಬರ್ಟಿ, ಮೆಟ್ರೊ, ಸ್ಪೀಡ್‌ವೇಯಂಥ ಸ್ವತಂತ್ರ ಸರಣಿಗಳು ಗಟ್ಟಿಯಾಗಿ ನಿಂತವು. ಅವರು ದೊಡ್ಡ ಮಳಿಗೆ ಕಟ್ಟಲಿಲ್ಲ, ಥಳಕಿಗೆ ಹಣ ಹಾಕಲಿಲ್ಲ. ಫಲಕದ ಮೇಲಿನ ದರವನ್ನೇ ಇಳಿಸಿದರು.

ಇಲ್ಲಿಂದ ಮುಂದೆ ನಡೆದದ್ದೇ ಈ ಕಥೆಯಲ್ಲಿ ನಾವು ಚೆನ್ನಾಗಿ ಗಮನಿಸಬೇಕಾದ ಭಾಗ. ಎಸಿಸಿಸಿ 2017ನೇ ಇಸವಿಯ ದರಗಳನ್ನು ಕಂಪನಿವಾರು ಲೆಕ್ಕ ಹಾಕಿ ಮರುವರ್ಷ ಪ್ರಕಟಿಸಿತು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಅಡಿಲೇಡ್, ಪರ್ತ್ ಎಂಬ ಐದೂ ದೊಡ್ಡ ನಗರಗಳಲ್ಲಿ ಸರಾಸರಿಯಾಗಿ ಎಲ್ಲರಿಗಿಂತ ತುಟ್ಟಿಯಾಗಿ ಮಾರುತ್ತಿದ್ದುದು ಕೋಲ್ಸ್‌ನ ಬಂಕು ಸರಣಿಯಾದ ಕೋಲ್ಸ್ ಎಕ್ಸ್‌ಪ್ರೆಸ್. ಹೆಚ್ಚಿನ ನಗರಗಳಲ್ಲಿ ಎಲ್ಲರಿಗಿಂತ ಅಗ್ಗವಾಗಿ ಮಾರುತ್ತಿದ್ದವರು ಯಾವ ಚೀಟಿಯೂ ಇಲ್ಲದ ಸ್ವತಂತ್ರರು. ಈ ವಿವರಕ್ಕೆ ಇನ್ನೊಮ್ಮೆ ಕಿವಿಗೊಡಿ. ಕೈಯಲ್ಲಿ ಚೀಟಿ ಹಿಡಿದು ಉಳಿತಾಯದ ಸಮಾಧಾನದಿಂದ ಬಂಕಿಗೆ ಹೋದ ಗೃಹಸ್ಥ ಮೊದಲೇ ಏರಿಸಿಟ್ಟ ದರದಲ್ಲಿ ನಾಲ್ಕು ಸೆಂಟ್ ಕಳೆಸಿಕೊಂಡು ಬರುತ್ತಿದ್ದ. ಎರಡು ರಸ್ತೆ ಆಚೆಗೆ ಚೀಟಿಯಿಲ್ಲದೆ ತುಂಬಿಸಿಕೊಂಡವನು ಎಷ್ಟೋ ದಿನ ಅವನಿಗಿಂತ ಕಡಿಮೆ ಕೊಟ್ಟಿರುತ್ತಿದ್ದ.

ಗಿರಾಕಿ ನಿಧಾನವಾಗಿ ಇದನ್ನು ಕಂಡುಕೊಂಡ. ಅದಕ್ಕೆ ನೆರವಾದದ್ದು ದರಗಳನ್ನು ಬಯಲಿಗೆ ತಂದ ಸರ್ಕಾರಗಳು. ಪಶ್ಚಿಮ ಆಸ್ಟ್ರೇಲಿಯಾ 2001ರಲ್ಲೇ ಫ್ಯುಯೆಲ್‌ವಾಚ್ ಎಂಬ ವ್ಯವಸ್ಥೆ ತಂದಿತ್ತು. ಅಲ್ಲಿ ಪ್ರತಿಯೊಂದು ಬಂಕೂ ನಾಳಿನ ದರವನ್ನು ಇಂದು ಮಧ್ಯಾಹ್ನ 2 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಬೆಳಗಾದ ಮೇಲೆ ಪೂರ್ತಿ 24 ಗಂಟೆ ಅದೇ ದರ, ನಡುವೆ ಏರಿಸುವಂತಿಲ್ಲ, ಇಳಿಸುವಂತೆಯೂ ಇಲ್ಲ. ಇಂದು ಸಂಜೆಯೇ ನಾಳಿನ ದರ ಊರಿಗೆಲ್ಲ ಗೊತ್ತು. ಇದನ್ನು ದೇಶಕ್ಕೆಲ್ಲ ಹರಡಲು ಪ್ರಧಾನಿ ಕೆವಿನ್ ರಡ್ ಅವರ ಸರ್ಕಾರ 2008ರಲ್ಲಿ ಮಸೂದೆ ತಂದಾಗ ಸೆನೆಟ್ ಸೋಲಿಸಿತು. ನ್ಯೂ ಸೌತ್ ವೇಲ್ಸ್ 2016ರಲ್ಲಿ ಫ್ಯುಯೆಲ್‌ಚೆಕ್ ಎಂಬುದನ್ನು ಶುರುಮಾಡಿ ಎಲ್ಲ ಬಂಕುಗಳ ದರ ಮೊಬೈಲಿನಲ್ಲಿ ಕಾಣುವಂತೆ ಮಾಡಿತು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಪೆಟ್ರೋಲ್ ದರ ಒಂದೇ ಸಮ ಇರುವುದಿಲ್ಲ. ಒಂದು ದಿನ ಥಟ್ಟನೆ ಮೇಲಕ್ಕೆ ಹಾರುತ್ತದೆ, ಆಮೇಲೆ ವಾರಗಟ್ಟಲೆ ಸೆಂಟು ಸೆಂಟಾಗಿ ಇಳಿಯುತ್ತದೆ. ಹಾರಿದ ದಿನಕ್ಕೂ ಇಳಿದ ದಿನಕ್ಕೂ ಇಪ್ಪತ್ತು ಮೂವತ್ತು ಸೆಂಟಿನ ಅಂತರ ಬೀಳುವುದು ಅಲ್ಲಿ ಸಾಮಾನ್ಯ. ಯಾವ ದಿನ, ಯಾವ ಬಂಕಿನಲ್ಲಿ ತುಂಬಿಸಿಕೊಳ್ಳುತ್ತೇವೆ ಎಂಬುದರ ಮುಂದೆ ನಾಲ್ಕು ಸೆಂಟಿನ ಚೀಟಿ ಲೆಕ್ಕಕ್ಕೇ ಬಾರದು.

ಕೊನೆಗೆ ಸೂಪರ್‌ಮಾರ್ಕೆಟುಗಳೇ ಪೆಟ್ರೋಲಿನಿಂದ ಕೈತೊಳೆದುಕೊಂಡವು. ವೂಲ್‌ವರ್ತ್ಸ್ ತನ್ನ ಬಂಕುಗಳನ್ನು ಬಿಪಿ ಕಂಪನಿಗೆ ಮಾರಹೊರಟಾಗ ಆಯೋಗ 2017ರಲ್ಲಿ ತಡೆಯಿತು. ಬಿಪಿ ಆಗಲೇ ದೊಡ್ಡ ಮಾರಾಟಗಾರ, ವೂಲ್‌ವರ್ತ್ಸ್‌ನ ಬಂಕುಗಳು ಆಗ ದರ ತಗ್ಗಿಸುವವರ ಸಾಲಿನಲ್ಲಿದ್ದವು. ಇಬ್ಬರೂ ಒಂದಾದರೆ ಬೆಲೆ ಏರುತ್ತದೆ ಎಂಬುದು ಆಯೋಗದ ಕಾರಣ. 2019ರಲ್ಲಿ 540 ಬಂಕುಗಳು 172.5 ಕೋಟಿ ಡಾಲರಿಗೆ ಬ್ರಿಟನ್ನಿನ ಇಜಿ ಗ್ರೂಪ್ ಪಾಲಾದವು. ಕೋಲ್ಸ್‌ನದು ಬೇರೆ ದಾರಿ. ದರ ಹೆಚ್ಚಿಟ್ಟಿದ್ದರಿಂದ ಮಾರಾಟ ಕುಸಿಯುತ್ತಿತ್ತು. ಶೆಲ್‌ನ ಜಾಗಕ್ಕೆ ಬಂದು ಅದಕ್ಕೆ ಪೆಟ್ರೋಲ್ ಪೂರೈಸುತ್ತಿದ್ದ ವೀವಾ ಎನರ್ಜಿ ಕಂಪನಿಗೆ ಲೀಟರು ಹೆಚ್ಚು ಹರಿದಷ್ಟೂ ಒಳ್ಳೆಯದು. ಕೋಲ್ಸ್‌ಗೆ ಲೀಟರೊಂದಕ್ಕೆ ಉಳಿಯುವ ಹಣ ಮುಖ್ಯ. ಒಂದೇ ಬಂಕಿನ ಇಬ್ಬರು ಪಾಲುದಾರರ ಹಿತ ಎದುರುಬದುರಾಗಿತ್ತು. 2019ರಲ್ಲಿ ವೀವಾ ಹಣ ಕೊಟ್ಟು ದರ ನಿಗದಿಯ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡಿತು. 2023ರಲ್ಲಿ 30 ಕೋಟಿ ಡಾಲರಿಗೆ ಇಡೀ ಕೋಲ್ಸ್ ಎಕ್ಸ್‌ಪ್ರೆಸ್ ವೀವಾ ವಶಕ್ಕೆ ಹೋಯಿತು. ಏಳುನೂರಕ್ಕೂ ಹೆಚ್ಚು ಬಂಕುಗಳು. ನಾಲ್ಕು ಸೆಂಟಿನ ರಿಯಾಯಿತಿ ಮಾತ್ರ ಒಪ್ಪಂದದ ಮೂಲಕ ಮುಂದುವರಿಯಿತು. ಗಿರಾಕಿಯನ್ನು ಕಟ್ಟಿಹಾಕಲು ಬಂಕು ಸ್ವಂತದ್ದಾಗಿರಬೇಕಿಲ್ಲ ಎಂದು ದಿನಸಿ ಕಂಪನಿಗಳಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು.

ಬ್ರಿಟನ್ನಿನಲ್ಲಿ ಇದೇ ಆಟ ಇನ್ನೊಂದು ಘಟ್ಟ ತಲುಪಿದೆ. ಅಲ್ಲಿ ಟೆಸ್ಕೊ, ಸೇನ್ಸ್‌ಬರೀಸ್, ಆಸ್ಡಾ, ಮಾರಿಸನ್ಸ್ ಎಂಬ ನಾಲ್ಕು ಸೂಪರ್‌ಮಾರ್ಕೆಟುಗಳು ದಶಕಗಳ ಕಾಲ ಎಲ್ಲರಿಗಿಂತ ಅಗ್ಗದ ಪೆಟ್ರೋಲ್ ಮಾರಿದವು. ಆಸ್ಡಾ ದರ ಇಳಿಸಿದರೆ ಉಳಿದವರು ಹಿಂಬಾಲಿಸುತ್ತಿದ್ದರು. ಜನರಿಗೆ ಉಪಕಾರವಾಯಿತು, ಸಂಶಯವಿಲ್ಲ. 2023ರ ಜುಲೈಯಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ವರದಿ ಕೊಟ್ಟಿತು: 2019ರಿಂದ 2022ರೊಳಗೆ ಸೂಪರ್‌ಮಾರ್ಕೆಟುಗಳ ಪೆಟ್ರೋಲ್ ಲಾಭಾಂಶ ಲೀಟರಿಗೆ ಸರಾಸರಿ ಆರು ಪೆನ್ಸ್ ಏರಿದೆ. 2022 ಒಂದರಲ್ಲೇ ಈ ನಾಲ್ವರ ಗಿರಾಕಿಗಳು ಹೆಚ್ಚುವರಿಯಾಗಿ ತೆತ್ತದ್ದು 90 ಕೋಟಿ ಪೌಂಡ್. ದರ ಇಳಿಸುತ್ತಿದ್ದ ಆಸ್ಡಾ ತನ್ನ ಲಾಭದ ಗುರಿ ಏರಿಸಿತ್ತು, ಉಳಿದವರಿಗೆ ಇಳಿಸುವ ಅಗತ್ಯ ಕಾಣಲಿಲ್ಲ. ಎಲ್ಲರೂ ಒಬ್ಬನೇ ಮುಂದಾಳನ್ನು ನಂಬಿ ಕುಳಿತ ಮಾರುಕಟ್ಟೆಯಲ್ಲಿ ಆ ಮುಂದಾಳು ಮನಸ್ಸು ಬದಲಿಸಿದ ದಿನ ಹೀಗಾಗುತ್ತದೆ.

ನಮ್ಮಲ್ಲಿ ಸೂಪರ್‌ಮಾರ್ಕೆಟಿನ ಬಂಕುಗಳಿಲ್ಲ. ಸರ್ಕಾರಿ ತೈಲ ಕಂಪನಿಗಳ ಬಂಕುಗಳಲ್ಲಿ ದರ ಬಹುಮಟ್ಟಿಗೆ ಒಂದೇ, ಡೀಲರ್‌ಗೆ ಸಿಗುವುದು ಗೊತ್ತಾದ ಕಮಿಷನ್. ಆದರೂ ಬೇರೆ ಕಡೆಯ ಹಣದ ಎದುರು ವ್ಯಾಪಾರ ಮಾಡುವ ಕಷ್ಟವನ್ನು ನಾವೂ ಒಮ್ಮೆ ಕಂಡಿದ್ದೇವೆ. 2008ರಲ್ಲಿ ಕಚ್ಚಾ ತೈಲದ ಬೆಲೆ ಮುಗಿಲು ಮುಟ್ಟಿದಾಗ ಸರ್ಕಾರಿ ಕಂಪನಿಗಳು ಅಸಲಿಗಿಂತ ಕಡಿಮೆಗೆ ಮಾರಿದವು. ಆ ನಷ್ಟವನ್ನು ಸರ್ಕಾರ ಬಾಂಡುಗಳ ಮೂಲಕ ಭಾಗಶಃ ತುಂಬಿಕೊಟ್ಟಿತು. ಖಾಸಗಿಯವರಿಗೆ ಆ ನೆರವಿರಲಿಲ್ಲ. ರಿಲಯನ್ಸ್ ದೇಶದಾದ್ಯಂತ ತನ್ನ ಸುಮಾರು 1,400 ಬಂಕುಗಳನ್ನು ಮುಚ್ಚಿತು. ಅಷ್ಟು ದೊಡ್ಡ ಕಂಪನಿ ತಡೆದುಕೊಳ್ಳಲಾರದ್ದನ್ನು ಒಂಟಿ ಬಂಕಿನ ಯಜಮಾನ ಹೇಗೆ ತಡೆದುಕೊಂಡಾನು? ನಮ್ಮ ಡೀಲರ್‌ಗಳ ಕಮಿಷನ್ 2017ರ ಬಳಿಕ ಏಳು ವರ್ಷ ಏರಲೇ ಇಲ್ಲ. 2022ರ ಮೇ 31ರಂದು ಹಲವು ರಾಜ್ಯಗಳ ಡೀಲರ್‌ಗಳು ಕಂಪನಿಗಳಿಂದ ಒಂದು ದಿನ ಮಾಲು ಎತ್ತದೆ ಪ್ರತಿಭಟಿಸಿದರು. ಏರಿಕೆ ಬಂದದ್ದು 2024ರ ಅಕ್ಟೋಬರಿನಲ್ಲಿ. ಬಂಕು ಇಟ್ಟವರೆಲ್ಲ ಸಾಹುಕಾರರು ಎಂಬ ಮಾತು ನಮ್ಮ ಊರುಗಳಲ್ಲಿ ಸುಲಭವಾಗಿ ಬರುತ್ತದೆ. ವಹಿವಾಟಿನ ಮೊತ್ತ ನೋಡಿ ಲಾಭ ಅಳೆಯುವುದರಿಂದ ಬರುವ ಮಾತು ಅದು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ. ಬಂಕಿನ ಲಾಭ ತೆಳುವಾದಾಗ ಬಾಡಿಗೆಯನ್ನು ಕಡಿಮೆ ಮಾಡಲಾಗುವುದಿಲ್ಲ, ಸುಂಕವನ್ನೂ ಕರೆಂಟು ಬಿಲ್ಲನ್ನೂ ಕಡಿಮೆ ಮಾಡಲಾಗುವುದಿಲ್ಲ. ಮನಸ್ಸು ಕೆಟ್ಟದ್ದಾದರೆ ಕಡಿಮೆ ಮಾಡಬಹುದಾದದ್ದು ಒಂದೇ, ರಾತ್ರಿ ಪಾಳಿಯ ಹುಡುಗನ ಸಂಬಳ. ಆಸ್ಟ್ರೇಲಿಯಾದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನಡೆಯಿತು. 2015ರಲ್ಲಿ ಎಬಿಸಿ ವಾಹಿನಿಯ ಫೋರ್ ಕಾರ್ನರ್ಸ್ ಕಾರ್ಯಕ್ರಮ ಮತ್ತು ಫೇರ್‌ಫ್ಯಾಕ್ಸ್ ಪತ್ರಿಕೆಗಳು ಸೆವೆನ್ ಇಲೆವೆನ್ ಮಳಿಗೆಗಳ ಸಂಬಳ ಹಗರಣವನ್ನು ಬಯಲಿಗೆಳೆದವು. ಆ ಮಳಿಗೆಗಳಲ್ಲಿ ಹಲವಕ್ಕೆ ಪೆಟ್ರೋಲ್ ಬಂಕೂ ಅಂಟಿಕೊಂಡಿದೆ. ಮಳಿಗೆ ನಡೆಸುವ ಗುತ್ತಿಗೆದಾರನಿಗೆ ಒಟ್ಟು ಲಾಭದಲ್ಲಿ ಸಿಗುತ್ತಿದ್ದುದು ನೂರಕ್ಕೆ 43, ಉಳಿದ 57 ಮೂಲ ಕಂಪನಿಗೆ. ಸಂಬಳ ಕೊಡಬೇಕಾದವನು ಗುತ್ತಿಗೆದಾರ. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಆಗ ಎರಡು ವಾರಕ್ಕೆ 40 ಗಂಟೆಗಿಂತ ಹೆಚ್ಚು ದುಡಿಯುವಂತಿರಲಿಲ್ಲ. ಅದರ ಎರಡು ಪಟ್ಟು ದುಡಿಸಿ, ಪುಸ್ತಕದಲ್ಲಿ ಅರ್ಧ ಗಂಟೆಗಳನ್ನಷ್ಟೇ ಬರೆದು, ಬಾಯಿ ಬಿಟ್ಟರೆ ವೀಸಾ ಹೋಗುತ್ತದೆ ಎಂದು ಹೆದರಿಸುತ್ತಿದ್ದರು. ಹಗರಣ ಹೊರಬಿದ್ದ ಮೇಲೆ ಕಂಪನಿ ಕೆಲಸಗಾರರಿಗೆ ಹಿಂದಿರುಗಿಸಿದ ಹಣ 15 ಕೋಟಿ ಡಾಲರಿಗೂ ಮಿಗಿಲು. ಕೆಲಸಗಾರರ ದೂರು ನೋಡಿಕೊಳ್ಳುವ ಸರ್ಕಾರಿ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿ ಕ್ಯಾಲ್ಟೆಕ್ಸ್‌ನ ಗುತ್ತಿಗೆ ಬಂಕುಗಳಲ್ಲಿ 25ನ್ನು ತಪಾಸಣೆ ಮಾಡಿ, 19ರಲ್ಲಿ ಕಾರ್ಮಿಕ ಕಾನೂನಿನ ಉಲ್ಲಂಘನೆ ಕಂಡಿತೆಂದು 2018ರಲ್ಲಿ ವರದಿ ಮಾಡಿತು. ಕ್ಯಾಲ್ಟೆಕ್ಸ್ ಆ ವರ್ಷವೇ ಗುತ್ತಿಗೆ ಪದ್ಧತಿ ಬಿಟ್ಟು ಬಂಕುಗಳನ್ನು ತಾನೇ ನಡೆಸಲು ತೀರ್ಮಾನಿಸಿತು. ಗುತ್ತಿಗೆದಾರನ ತಪ್ಪಿಗೆ ಮೂಲ ಕಂಪನಿಯನ್ನೂ ಹೊಣೆ ಮಾಡುವ ಕಾನೂನು ಅದಕ್ಕೆ ಹಿಂದಿನ ವರ್ಷ, 2017ರಲ್ಲಿ, ಬಂದಿತ್ತು.

ಸಂಬಳ ಕಳೆದುಕೊಂಡವರಲ್ಲಿ ಬಹಳ ಮಂದಿ ಭಾರತ ಉಪಖಂಡದಿಂದ ಹೋದ ವಿದ್ಯಾರ್ಥಿಗಳು. ಶುಲ್ಕಕ್ಕೆ ಸಾಲ ಮಾಡಿ ಹೋದ ಮಗ ಮನೆಗೆ ಫೋನ್ ಮಾಡಿದಾಗ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ. ಯಾರದೋ ಟ್ಯಾಂಕಿನ ರಿಯಾಯಿತಿಗೆ ಅವನ ನಿದ್ದೆ ಖರ್ಚಾಗುತ್ತಿರಬಹುದು ಎಂಬುದು ಅಪ್ಪ ಅಮ್ಮನಿಗೆ ತಿಳಿಯುವುದೇ ಇಲ್ಲ.

ಈ ಮಾತನ್ನು ಕೇಳುತ್ತಿರುವ ತಂದೆ ತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಮಗನೋ ಮಗಳೋ ಅಲ್ಲಿ ಬಂಕಿನಲ್ಲಿ ಕೆಲಸಕ್ಕೆ ಸೇರಿದ್ದರೆ, ಗಂಟೆಗೆ ಎಷ್ಟು ಕೊಡುತ್ತಾರೆ, ಸಂಬಳದ ಚೀಟಿ ಕೈಗೆ ಬರುತ್ತದೆಯೇ, ದುಡಿದ ಗಂಟೆಗಳನ್ನು ತಾವೇ ಬರೆದಿಟ್ಟುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ. ಹಣ ಕೊಡದೆ ಓಡಿಹೋದ ಗಿರಾಕಿಯ ಪೆಟ್ರೋಲಿನ ಮೊತ್ತವನ್ನು ಸಂಬಳದಲ್ಲಿ ಹಿಡಿದುಕೊಂಡರೆ ಸುಮ್ಮನಿರಬಾರದೆಂದು ಹೇಳಿ. ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿ ವಿದ್ಯಾರ್ಥಿ ವೀಸಾದವರ ದೂರನ್ನೂ ತೆಗೆದುಕೊಳ್ಳುತ್ತದೆ, ಹೆಸರು ಹೇಳದೆ ಮಾಹಿತಿ ಕೊಡಲೂ ಅಲ್ಲಿ ಅವಕಾಶವಿದೆ.